ಹಳದಿ ಬಕೆಟ್ಟು

ಈ ಹೆಂಗಸಿನ ಕೈ ಯಾಕೆ ಹೀಗಿದೆ, ಮುಷ್ಟಿ ಕಟ್ಟಿಕೊಂಡು, ಯಾರಿಗೋ ಗುದ್ದಲು ಹೊರಟವಳ ಹಾಗೆ — ಕಂಪ್ಯೂಟರಿನಲ್ಲಿ ಚಿತ್ರ ದೊಡ್ಡದು ಮಾಡುತ್ತೇನೆ, ಸಾಲು, ಧೂಳು, ತಲೆವಸ್ತ್ರ, ಅಯ್ಯೋ ದೇವರೇ ಇದು ನಮ್ಮಕ್ಕ, ಅವಳ ಹಿಂದೆ ಅರ್ಧ ಭುಜ ಕಾಣುತ್ತದಲ್ಲ, ಅದು ನಾನೇ. ನಿರಾಶ್ರಿತರ ಶಿಬಿರದಲ್ಲಿ ನೀರಿಗೆ ನಿಂತ ಸಾಲು ಇದು, ಗಡಿಗೆ ನುಗ್ಗುವ ಸಾಲಲ್ಲ, ಅಕ್ಕನ ಕೈಯಲ್ಲಿ ಹಳದಿ ಬಕೆಟ್ಟು ಇತ್ತು, ಎಲ್ಲರ ಕೈಯಲ್ಲೂ ಒಂದೊಂದು ಇತ್ತು, ಯಾವನೋ ಪುಣ್ಯಾತ್ಮ ಒಂದೂ ಬಿಡದೆ ಒರೆಸಿ ಹಾಕಿದ್ದಾನೆ, ಎಷ್ಟು ನಾಜೂಕಿನ ಕೆಲಸವೆಂದರೆ ನನಗೇ ಹೊಟ್ಟೆಕಿಚ್ಚು. ಪ್ರೆಸ್ಸಿನ ಮಾಲೀಕರು ಬೆಳಿಗ್ಗೆಯೇ ಹೇಳಿದ್ದರು, ಎರಡು ದೇಶದಲ್ಲಿ ಚುನಾವಣೆ ಗೆದ್ದ ಪೋಸ್ಟರ್ ಕಣಮ್ಮ ಇದು, ಅಲ್ಲಿನ ಪಕ್ಷದವರೇ ಇಲ್ಲಿಯವರಿಗೆ ಕಳಿಸಿಕೊಟ್ಟಿದ್ದಾರೆ, ಮದುವೆ ಕಾರ್ಡ್ ಇದ್ದ ಹಾಗೆ, ಹೆಸರು ಬದಲಾಯಿಸಿದ್ರೆ ಮುಗೀತು. ಬದಲಾಯಿಸಿದೆ, ಅವರ ಬಾವುಟ ತೆಗೆದು ನಮ್ಮದು, ಅವರ ಭಾಷೆ ತೆಗೆದು ನಮ್ಮದು — ನಮ್ಮದು ಅಂತೀನಲ್ಲ ನಾನೂ — ಇನ್ನು ಜಾಗವಿಲ್ಲ, ಅಂತ ಕೆಂಪಕ್ಷರ, ಮೊದಲ ದೇಶದಲ್ಲೂ ಇದೇ ಮಾತಂತೆ, ಎರಡನೆಯದರಲ್ಲೂ ಇದೇ. ಈ ದೇಶದಲ್ಲಿ ಆಶ್ರಯ ಕೇಳಿದ ನನ್ನ ಅರ್ಜಿ ಹೇಗೋ ಮಂಜೂರಾಯಿತು, ಅಕ್ಕನ ವಿಚಾರಣೆ ಸೋಮವಾರ, ಆ ಕಚೇರಿಯ ಎದುರಿನ ಬಸ್ ಸ್ಟಾಪಿಗೇ ಮೊದಲ ಪೋಸ್ಟರು, ಅವಳ ಹಣೆಬರಹ ಬರೆಯುವ ಅಧಿಕಾರಿ ಅದನ್ನು ನೋಡಿಕೊಂಡೇ ಒಳಗೆ ಹೋಗುತ್ತಾರೆ, ಅಕ್ಷರ ದೊಡ್ಡದು ಮಾಡಿ ಅವಳ ಮುಖದ ಮೇಲೆ ಕೂರಿಸಿದೆ, ಬೆನ್ನ ಹಿಂದೆ ಮಾಲೀಕರು, ಮುಖ ಮುಚ್ಬೇಡಮ್ಮ, ಆ ಹೆಂಗಸಿನ ಸಿಟ್ಟೇ ಇದರ ಜೀವಾಳ. ಸಿಟ್ಟಲ್ಲ ಸ್ವಾಮಿ, ಬಿಸಿಲು, ಕಣ್ಣು ಕಿರಿದು ಮಾಡಿದ್ದಾಳೆ ಅಷ್ಟೇ — ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ, ಕೆಲಸ ಹೋದರೆ, ದುಡಿಯುವ ತಂಗಿ ಇದ್ದಾಳೆ ಎಂದು ಸೋಮವಾರ ಹೇಳಿಕೊಳ್ಳಲು ಅವಳಿಗೆ ಇನ್ನೇನಿದೆ. ಅಕ್ಷರ ಕೆಳಗಿಳಿಸಿದೆ.

ಮೆಷಿನ್ನು ಉಗುಳುತ್ತಿದೆ, ಅಕ್ಕ, ಅಕ್ಕ, ಅಕ್ಕ, ಬಣ್ಣದ ವಾಸನೆಗೆ ತಲೆ ಸುತ್ತುತ್ತದೆ, ಬಾಗಿಲಲ್ಲೂ ಅಕ್ಕ — ನಿಜವಾದವಳು, ಊಟದ ಡಬ್ಬಿ ಹಿಡಿದು, ಮರೆತು ಬಂದಿದ್ಯಲ್ಲೇ ಎನ್ನುತ್ತ ಒಳಗೆ ಬಂದವಳು, ಒಣಗಲು ಹಾಸಿದ ಹಾಳೆಗಳ ಮುಂದೆ ನಿಂತುಬಿಟ್ಟಳು. ಬಯ್ಯಲಿ, ಉಗಿಯಲಿ, ಏನಾದರೂ ಅನ್ನಲಿ. ಕೆಂಪಕ್ಷರವನ್ನು ನೋಡಲಿಲ್ಲ, ತನ್ನ ಮುಖವನ್ನೂ ನೋಡಲಿಲ್ಲ, ಬಗ್ಗಿ ಕೈಯನ್ನೇ ನೋಡಿದಳು. ನನ್ನ ಬಕೆಟ್ ಎಲ್ಲೇ, ಎಂದಳು. ಡಬ್ಬಿಯ ಹಿಡಿಯ ಸುತ್ತ ಅವಳ ಬೆರಳು, ಹಾಳೆಯಲ್ಲಿ ಅದೇ ಬೆರಳು, ಹಿಡಿಯಿಲ್ಲ, ಬಕೆಟ್ಟಿಲ್ಲ, ಬರೀ ಮುಷ್ಟಿ, ಪಕ್ಕದ ಹಾಳೆಯಲ್ಲೂ ಮುಷ್ಟಿ, ಅದರಾಚೆಯದರಲ್ಲೂ ಮುಷ್ಟಿ