ನೇರಳೆ ಚುಕ್ಕೆಯ ದಂಟು

ಬಸ್ ಡಿಪೋದ ಕ್ಯಾಂಟೀನಿನ ಹಿಂಗೋಡೆಗೆ ಅಂಟಿಕೊಂಡಂತೆ ಒಂದು ತುಂಡು ಹಾಳು ನೆಲವಿತ್ತು. ಅಡುಗೆಯವಳು ಅದನ್ನು ಕೇಳಿ ಪಡೆದು ಭಾವನ ಕೈಗೆ ಒಪ್ಪಿಸಿದ್ದಳು. ಭಾವ ಎಂದರೆ ತೀರಿಕೊಂಡ ಅಕ್ಕನ ಗಂಡ. ಅದೇ ಡಿಪೋದಲ್ಲಿ ಮೂವತ್ತು ವರ್ಷ ಎಂಜಿನ್ ಬಿಚ್ಚಿ ಜೋಡಿಸಿ ನಿವೃತ್ತರಾದವರು. ಅಕ್ಕ ಹೋದಮೇಲೆ ಅಡುಗೆಯವಳ ಮನೆಗೆ ಬಂದು ಮಂಕಾಗಿ ಕೂತಿದ್ದ ಮನುಷ್ಯ ಆ ಮಣ್ಣಿಗೆ ಕೈ ಹಾಕಿದ್ದೇ ತಡ, ಮತ್ತೆ ಮಾತಾಡತೊಡಗಿದರು. ಎರಡು ವರ್ಷದಲ್ಲಿ ಅಲ್ಲಿ ಕೊತ್ತಂಬರಿ, ಪುದೀನ, ದೊಡ್ಡಪತ್ರೆ, ನಿಂಬೆಹುಲ್ಲು ಮೈತುಂಬಿ ನಿಂತವು. ಕೆಮ್ಮುವ ಚಾಲಕನಿಗೆ ದೊಡ್ಡಪತ್ರೆಯ ರಸ, ಹೊಟ್ಟೆ ಉಬ್ಬರಿಸಿದವನಿಗೆ ಪುದೀನದ ನೀರು, ಮಧ್ಯಾಹ್ನ ತೂಕಡಿಸುವವನಿಗೆ ನಿಂಬೆಹುಲ್ಲಿನ ಚಹಾ. ಸೂಪಿನ ಮೇಲೆ ಹೆಚ್ಚಿದ ಹಸಿ ಕೊತ್ತಂಬರಿ ಉದುರಿಸದಿದ್ದರೆ ಬಟ್ಟಲು ಹಾಗೇ ವಾಪಸ್ಸು ಬರುವಷ್ಟು ರುಚಿ ಹತ್ತಿತ್ತು ಅವರೆಲ್ಲರಿಗೆ.

ಆ ದಿನ ಹನ್ನೊಂದರಿಂದ ಹನ್ನೊಂದೂವರೆಯೊಳಗೆ ಹೊರಡುವ ಬಸ್ಸುಗಳ ಆರು ಚಾಲಕರು ಮೊದಲ ಪಂಕ್ತಿಯಲ್ಲಿ ಕೂತಿದ್ದರು. ಭಾವ ಕೊಯ್ದು ತಂದ ಕೊತ್ತಂಬರಿಯ ಒಂದು ಕಟ್ಟನ್ನು ಹೆಚ್ಚಿ ಅವರ ಬಟ್ಟಲುಗಳಿಗೆ ಉದುರಿಸಿ ಆಗಿತ್ತು. ಎರಡನೆಯ ಕಟ್ಟಿಗೆ ಚಾಕು ಇಟ್ಟಾಗ ಅಡುಗೆಯವಳಿಗೆ ಒಂದು ದಂಟು ಯಾಕೋ ದಪ್ಪ ಅನ್ನಿಸಿತು. ಬೆಳಕಿಗೆ ಹಿಡಿದಳು. ನುಣುಪಾದ, ಒಳಗೆ ಟೊಳ್ಳಾದ ದಂಟು. ಮೈಮೇಲೆ ಶಾಯಿ ಸಿಡಿದಂತೆ ನೇರಳೆ ಚುಕ್ಕೆ. ಮುರಿದು ಮೂಸಿದಳು. ಕೊತ್ತಂಬರಿಯ ಘಮವಿಲ್ಲ, ಇಲಿ ಉಚ್ಚೆಯ ಗಬ್ಬು.

ಅವಳು ಚಾಕು ಕೆಳಗಿಟ್ಟಳು. ಚಿಕ್ಕವಳಿದ್ದಾಗ ಹಳ್ಳದ ದಂಡೆಯಲ್ಲಿ ಇಂಥದ್ದನ್ನೇ ಮೇಯ್ದು ಕರುವೊಂದು ಕಾಲು ಸೋತು, ಉಸಿರು ಸಿಕ್ಕದೆ ಸತ್ತಿತ್ತು. ಆಗ ಅಮ್ಮ ಈ ದಂಟನ್ನು ತೋರಿಸಿ, ಜನ್ಮದಲ್ಲಿ ಮರೆಯಬೇಡ ಎಂದಿದ್ದಳು.

ಊಟದ ಕೋಣೆಗೆ ಓಡಿ, ಎದುರಿಗೆ ಸಿಕ್ಕ ಬಟ್ಟಲುಗಳನ್ನೆಲ್ಲ ಕಿತ್ತುಕೊಂಡಳು. "ಯಾರೂ ಕುಡೀಬೇಡಿ. ಸೊಪ್ಪಲ್ಲಿ ವಿಷದ ಗಿಡ ಸೇರಿರೋ ಹಾಗಿದೆ." ಐವರು ಬಾಯಲ್ಲಿದ್ದದ್ದನ್ನು ಉಗಿದು ಮುಖ ಮುಖ ನೋಡಿಕೊಂಡರು. ಆರನೆಯ ಬಟ್ಟಲು ಖಾಲಿಯಾಗಿ, ಅದರ ಮುಂದಿನ ಕುರ್ಚಿಯೂ ಖಾಲಿಯಾಗಿತ್ತು. ಅದು ಗಡಿಯಾರನ ಜಾಗ. ಇಷ್ಟು ವರ್ಷದಲ್ಲಿ ಒಂದು ನಿಮಿಷವೂ ತಡಮಾಡದ ಚಾಲಕನಿಗೆ ಡಿಪೋದವರು ಇಟ್ಟ ಹೆಸರು. ಅವನ ಬಸ್ಸು ಹನ್ನೊಂದಕ್ಕೆ, ಈಗ ಹನ್ನೊಂದಾಗಿ ಹತ್ತು ನಿಮಿಷವಾಗಿತ್ತು.

ಡಿಪೋದ ಸಂಚಾರ ನಿಯಂತ್ರಕನ ಕೋಣೆಗೆ ಹೋಗಿ ಬಸ್ಸು ನಿಲ್ಲಿಸಿ ಎಂದಳು. ಅವನು ಅವಳ ಕೈಯಲ್ಲಿದ್ದ ದಂಟನ್ನೂ ಅವಳ ಮುಖವನ್ನೂ ನೋಡಿದ. ಒಂದು ಎಲೆ ನೋಡಿ ತುಂಬಿದ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿದರೆ ಮೇಲಿನವರಿಗೆ ತಾನು ಉತ್ತರ ಹೇಳಬೇಕು ಎಂದ. "ನಿನಗೆ ಖಚಿತವಾಗಿ ಗೊತ್ತಾ?"

"ಗೊತ್ತಿಲ್ಲ. ಗೊತ್ತಾಗೋವರೆಗೂ ಕಾಯೋಕಾಗುತ್ತಾ? ಸುಳ್ಳಾದ್ರೆ ನನ್ನ ಕೆಲಸ ತೆಗೀರಿ."

ಅವನು ಆಸ್ಪತ್ರೆಯ ಗಾಡಿಗೆ ಹೇಳಿ ಕಳಿಸಿ, ಬಸ್ಸಿಗೆ ಫೋನು ಹಚ್ಚಿದ. ಗಡಿಯಾರನ ಫೋನು ಬಂದ್ ಆಗಿತ್ತು. ಬಸ್ಸು ನಡೆಸುವಾಗ ಅವನು ಅದನ್ನು ಮುಟ್ಟುವವನಲ್ಲ. ಕಂಡಕ್ಟರನ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಮೂರನೆಯ ಸಲ ಎತ್ತಿದ. ಬಸ್ಸು ಸೇತುವೆಯ ಇಳಿಜಾರಿಗೆ ಬರುತ್ತಿತ್ತು. ವಿಷಯ ಹೇಳಿದ್ದೇ ಅವನು ಫೋನನ್ನು ಹಿಡಿದುಕೊಂಡೇ ಮುಂದಕ್ಕೆ ಹೋದ. ಎಂಜಿನ್ನಿನ ಸದ್ದು, ಯಾರದೋ ಮಗುವಿನ ಅಳು, ಕಂಡಕ್ಟರನ ಗಡಿಬಿಡಿ ಮಾತು. ಅಡುಗೆಯವಳು ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು. ಕೊನೆಗೆ ಬ್ರೇಕು ಉಸಿರುಬಿಟ್ಟ ಸದ್ದು ಕೇಳಿಸಿತು.

"ನಿಂತ್ವಿ," ಎಂದ ಕಂಡಕ್ಟರ್. "ಆದ್ರೆ ಅವರಿಗೆ ಸೀಟಿಂದ ಏಳೋಕೆ ಆಗ್ತಿಲ್ಲ. ಕಾಲು ಜೋಮು ಹಿಡಿದಿದೆಯಂತೆ."

ಆಸ್ಪತ್ರೆಯ ಗಾಡಿಗೆ ದಾರಿ ಹೇಳಿದ ಮೇಲೆ ನಿಯಂತ್ರಕ, ಸೊಪ್ಪು ಕೊಯ್ದವರು ಯಾರು ಎಂದು ಕೇಳಿದ. ನಾನೇ ಎಂದುಬಿಡಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲ ಚೌಕಟ್ಟನ್ನು ತಡವಿಕೊಂಡು ಭಾವ ಒಳಗೆ ಬಂದರು.

"ಕೊಯ್ದವನು ನಾನು," ಎಂದರು. "ಒಂದು ವರ್ಷದಿಂದ ಕಣ್ಣು ಮಂಜು. ಮೂಸಿ ನೋಡಿ ಕೊಯ್ತಿದ್ದೆ. ನಾಲ್ಕು ದಿನದಿಂದ ನೆಗಡಿ, ಮೂಗು ಕಟ್ಟಿದೆ."

ಈಚೆಗೆ ಅವರು ಲೋಟದ ಆಚೆ ನೀರು ಸುರಿದದ್ದು, ಎದುರು ಸಿಕ್ಕರೂ ಮಾತಾಡಿಸದೆ ಹೋದದ್ದು, ಎಲ್ಲವೂ ಅವಳಿಗೆ ಈಗ ಅರ್ಥವಾಯಿತು. ಮುದುಕರ ಮರೆವು ಎಂದು ತಳ್ಳಿಹಾಕಿದ್ದಳು. ಸಿಟ್ಟಿನಿಂದ ಅವರತ್ತ ತಿರುಗಿದಳು. "ಹೇಳಿದ್ರೆ ನಾನೇನು ನಿಮ್ಮನ್ನ ಮನೆಯಿಂದ ಆಚೆ ಹಾಕ್ತಿದ್ನಾ, ಭಾವ?"

"ತೋಟದಿಂದ ಹಾಕ್ತಿದ್ದೆ," ಎಂದರು ಅವರು.

ಐವರು ಚಾಲಕರನ್ನು ಸಂಜೆಯವರೆಗೆ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಕಳಿಸಿದರು, ಅವರಿಗೇನೂ ಆಗಿರಲಿಲ್ಲ. ಮೊದಲ ಕಟ್ಟಿನಲ್ಲಿದ್ದ ಅಂಥದೇ ದಂಟು ಗಡಿಯಾರನ ಪಾಲಿಗೇ ಬಂದಿತ್ತು. ಎರಡು ದಿನ ಯಂತ್ರ ಅವನಿಗಾಗಿ ಉಸಿರಾಡಿತು. ಆ ಎರಡು ದಿನವೂ ಭಾವ ಹೊರಗಿನ ಬೆಂಚಿನಿಂದ ಏಳಲಿಲ್ಲ. ಅವಳು ತಂದ ಡಬ್ಬಿ ತೆರೆಯದೆ ಹಾಗೇ ಹಿಂದಿರುಗುತ್ತಿತ್ತು. ಗಡಿಯಾರನ ಹೆಂಡತಿ ಮೊದಲ ದಿನ ಅವರತ್ತ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಗಂಡ ಮಾತಾಡಿದ ಮೇಲೆ ತಾನೇ ಬಂದು ಅವರ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು. ಭಾವ ಕ್ಷಮೆ ಕೇಳಿದಾಗ ಗಡಿಯಾರ, ಕಣ್ಣಿನ ಡಾಕ್ಟರು ಕೆಳಗಿನ ಮಹಡಿಯಲ್ಲಿದ್ದಾರಂತೆ, ತೋರಿಸಿಕೊಂಡೇ ಮನೆಗೆ ಹೋಗಿ ಎಂದನಂತೆ.

ಕ್ಯಾಂಟೀನು ಒಂದು ವಾರ ಮುಚ್ಚಿತ್ತು. ವಿಚಾರಣೆ ನಡೆಯಿತು, ಪ್ರತಿ ದಂಟನ್ನೂ ಇಬ್ಬರು ನೋಡಿದ ಮೇಲೇ ಹೆಚ್ಚಬೇಕೆಂಬ ಷರತ್ತಿನ ಮೇಲೆ ಅವಳ ಕೆಲಸ ಉಳಿಯಿತು. ತೋಟದ ಮೋರಿಯ ಅಂಚಿನಲ್ಲಿ, ಯಾವುದೋ ಗೊಬ್ಬರದ ಜೊತೆ ಬಂದಿರಬೇಕು, ಅಂಥ ಹದಿನಾಲ್ಕು ಗಿಡಗಳು ಸಿಕ್ಕವು. ಕೈಗವಸು ಹಾಕಿ ಅವಳೇ ಬೇರುಸಹಿತ ಕಿತ್ತಳು. ಭಾವನ ಒಂದು ಕಣ್ಣಿನ ಪೊರೆ ತೆಗೆದಾಗಿತ್ತು. ಅವರು ದೂರದಲ್ಲಿ ಸ್ಟೂಲಿನ ಮೇಲೆ ಕೂತು, ಅಲ್ಲೊಂದಿದೆ, ಇಲ್ಲೊಂದಿದೆ ಎಂದು ತೋರಿಸುತ್ತಿದ್ದರು. ತೋಟಕ್ಕೆ ಕಾಲಿಡಿ ಎಂದರೆ ಮಾತ್ರ ಒಪ್ಪಲಿಲ್ಲ.

ಒಂದೂವರೆ ತಿಂಗಳ ಮೇಲೆ ಗಡಿಯಾರ ಕೆಲಸಕ್ಕೆ ಬಂದ. ಅವಳು ಸೊಪ್ಪಿಲ್ಲದ ಸೂಪು ಇಟ್ಟಳು. ಅವನು ಬಟ್ಟಲು ನೋಡಿ, ಇದೇನು ಬೋಳು ಬೋಳಾಗಿದೆ ಎಂದ. ಅವಳು ಒಳಗೆ ಹೋಗಿ ಭಾವನನ್ನು ಕರೆದಳು. ಇಬ್ಬರೂ ಕಿಟಕಿಯ ಬೆಳಕಿನಲ್ಲಿ ಒಂದೊಂದು ದಂಟನ್ನೂ ತಿರುಗಿಸಿ ನೋಡಿ, ಮೂಸಿ, ಹೆಚ್ಚಿ ತಂದು ಹಾಕಿದರು. ಗಡಿಯಾರನ ಚಮಚ ಒಂದು ಕ್ಷಣ ಮೇಲೇ ನಿಂತಿತು. ಆಮೇಲೆ ತಲೆ ಬಗ್ಗಿಸಿ ಕುಡಿಯತೊಡಗಿದ. ಅವನು ಕೊನೆಯ ಗುಟುಕು ನುಂಗಿ ಎದ್ದು ಬಸ್ಸಿನತ್ತ ನಡೆಯುವವರೆಗೂ ಅವರಿಬ್ಬರೂ ಅಲ್ಲಿಂದ ಕದಲಲಿಲ್ಲ.