ಏಳನೇ ಗುಳಿಯ ಹುಲ್ಲು

ಐವತ್ತೆರಡನೇ ಇಸವಿಯಲ್ಲಿ ಹೊಸಹಳ್ಳಿಯ ಆಚೆಗಿದ್ದ ರಾಗಿ ಹೊಲಗಳನ್ನು ಮಟ್ಟಸ ಮಾಡಿ, ಕಾರ್ಖಾನೆಯ ಸಾಹೇಬರು ಒಂಬತ್ತು ಗುಳಿಗಳ ಪುಟ್ಟ ಗಾಲ್ಫ್ ಮೈದಾನ ಮಾಡಿಕೊಂಡರು. ಕೈಯಲ್ಲಿ ಕೋಲು ಹಿಡಿದು ದಿನವಿಡೀ ಅಲೆದರೂ ಒಂದು ಕುರಿಯನ್ನೂ ಕಾಯದ ಜನ ಎಂದು ಊರಿನವರು ನಗುತ್ತಿದ್ದರು. ಹೊಲ ಕೊಟ್ಟ ಮರಿಯಪ್ಪನಿಗೆ ಅಲ್ಲೇ ಮಾಲಿ ಕೆಲಸ ಸಿಕ್ಕಿತು.

ಆ ಹೊಲದ ನಡುವೆ, ಒಂದು ಹೊಂಗೆಮರದ ಕೆಳಗೆ ಅವನ ಮಗಳ ಸಮಾಧಿ ಇತ್ತು. ಚಿಕ್ಕಗಂಗಿ ಮೂರು ವರ್ಷಕ್ಕೇ ಜ್ವರ ಬಂದು ಸತ್ತಿದ್ದಳು. ಅಳತೆಗೆ ಬಂದ ಸಾಹೇಬ, "ಗೋರಿಗೀರಿ ಇದೆಯೇನಯ್ಯ? ಇದ್ದರೆ ಈ ಹೊಲ ಬೇಡ" ಎಂದ. ಹೊಲ ಬೇಡವಾದರೆ ಕೆಲಸವೂ ಇಲ್ಲ. "ಏನೂ ಇಲ್ಲ ಸ್ವಾಮಿ" ಎಂದುಬಿಟ್ಟ ಮರಿಯಪ್ಪ. ಹೆಂಡತಿ ಅಕ್ಕಯ್ಯಮ್ಮ ಆಗ ಕೆಂಗೇರಿಯ ತವರಿನಲ್ಲಿದ್ದಳು. ಅವನು ಸಮಾಧಿಯ ಕಲ್ಲು ಕಿತ್ತು ಬೇಲಿಯಂಚಿನ ಇನ್ನೊಂದು ಹೊಂಗೆಮರದ ಬುಡದಲ್ಲಿ ನೆಟ್ಟ. ಅವಳು ಬರುವಷ್ಟರಲ್ಲಿ ಬದುಗಳೂ ಹೊಲದ ಮರಗಳೂ ಹೋಗಿ, ತನ್ನ ಹೊಲವೇ ಅವಳಿಗೆ ಗುರುತು ಸಿಗಲಿಲ್ಲ. ಗಂಡ ತೋರಿಸಿದ್ದನ್ನು ನಂಬಿದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದುಕೊಂಡ ಈ ಪುಣ್ಯಾತ್ಮ.

ಮಗು ಇದ್ದದ್ದು ಏಳನೇ ಗುಳಿಯ ಬಳಿ, ಬಾವುಟ ನೆಟ್ಟ ನುಣ್ಣನೆ ಹುಲ್ಲಿನ ಕೆಳಗೆ. ಮರಿಯಪ್ಪ ಅಲ್ಲಿಗೆ ಮಾತ್ರ ಚಪ್ಪಲಿ ಬಿಟ್ಟು ಹೋಗುತ್ತಿದ್ದ. ಅಷ್ಟಕ್ಕೇ ಪಾಪ ತೊಳೆದುಹೋಗುತ್ತದೆಯೇ? ಅಕ್ಕಯ್ಯಮ್ಮನಾದರೋ ಪ್ರತಿ ಮಹಾಲಯ ಅಮಾವಾಸ್ಯೆಗೆ ಕಜ್ಜಾಯ, ಪಾಯಸ ಮಾಡಿ ಹೊಂಗೆಮರದ ಕಲ್ಲಿನ ಮುಂದೆ ಎಡೆ ಇಟ್ಟು, "ಬಾ ನನ್ನವ್ವ, ಉಣ್ಣು ಬಾ" ಎಂದು ಕರೆಯುತ್ತಿದ್ದಳು. ಹೀಗೇ ನಾಲ್ಕು ವರ್ಷ ನಡೆಯಿತು.

ಐದನೇ ವರ್ಷ ಹೊಸ ಬಡಾವಣೆಗೆ ರಸ್ತೆ ಬಂತು. ಹೊಂಗೆಮರ ಕಡಿಯುತ್ತಾರೆಂದು ತಿಳಿದು ಅಕ್ಕಯ್ಯಮ್ಮ, "ಮಗೀನ ಮೂಳೆ ತಂದು ಹಿತ್ತಲಲ್ಲಿ ಮಣ್ಣು ಮಾಡಾನ" ಎಂದು ಹಟ ಹಿಡಿದಳು. ಮೊರದಲ್ಲಿ ಹೊಸ ಬಟ್ಟೆ ಹಾಸಿಕೊಂಡು ಬಂದು ನಿಂತಳು. ಮರಿಯಪ್ಪ ಅಗೆಯದೆ ವಿಧಿಯಿರಲಿಲ್ಲ.

ಮೊಣಕಾಲುದ್ದ ಅಗೆದು, "ಎಳೇ ಮೂಳೆ ಕಣೇ, ಮಣ್ಣಾಗಿ ಹೋಗಿರ್ತವೆ" ಎಂದ.

"ಬೆಳ್ಳಿ ಮಣ್ಣಾಗ್ತದಾ? ಕಾಲ್ಕಡಗ ಹಾಕೇ ಮಲಗಿಸಿದ್ನಲ್ಲ. ಇನ್ನೊಂದಿಷ್ಟು ಅಗೀರಿ."

ಸೊಂಟದುದ್ದ ಅಗೆದ. ಅವಳು ಬಗ್ಗಿ ಒಂದು ಹೆಂಟೆ ತೆಗೆದು ಕೈಯಲ್ಲಿ ಪುಡಿ ಮಾಡಲು ನೋಡಿದಳು. ಆಗಲಿಲ್ಲ. ಹುಟ್ಟಿದಾಗಿನಿಂದ ಮಣ್ಣಿನಲ್ಲೇ ಬೆಳೆದವಳು ಅವಳು.

"ಇದು ಯಾರೂ ಅಗ್ದಿರೋ ಮಣ್ಣಲ್ಲ" ಎಂದಳು.

ಮರಿಯಪ್ಪ ತಲೆ ಎತ್ತದೆ, ಗುಂಡಿಯೊಳಗಿನಿಂದಲೇ ಎಲ್ಲವನ್ನೂ ಹೇಳಿದ. ಬಾವುಟದ ಕಡೆ ಕೈ ತೋರಿಸಿದ. ಅಲ್ಲಿ ಇಬ್ಬರು ಸಾಹೇಬರು ಚೆಂಡು ತಳ್ಳುತ್ತ ನಗುತ್ತಿದ್ದರು. ಹೆಂಡತಿ ಎದೆ ಬಡಿದುಕೊಂಡು ಅಳಲಿ, ಗುದ್ದಲಿ ಕಾವಿನಲ್ಲಿ ತನಗೆ ಹೊಡೆಯಲಿ ಎಂದು ಅವನು ಕಾದ. ಅವಳು ಮೊರ ಕೆಳಗಿಟ್ಟಳು, ಅಷ್ಟೇ.

"ನಾಲ್ಕು ವರ್ಷ ಇಲ್ಲಿ ಕೂಗ್ತಿದ್ದೆ" ಎಂದಳು. "ಅವಳು ಅಲ್ಲಿ ಹಸ್ಕೊಂಡು ಮಲಗಿದ್ಲು. ನೀನು ನನ್ನ ಪಕ್ಕದಲ್ಲಿ ಕೈ ಮುಗ್ದು ನಿಂತಿದ್ದೆ."