ಹೆಸರು ಕೂಗುವ ಜಾಗ

ಹುಟ್ಟುಹಬ್ಬದ ಹುಡುಗ, ಪಾಪ್ ತಂಡವೊಂದರ ಹಾಡುಗಾರ ಮಿನ್‌ಜೇ ಇರುವುದು ಕೊರಿಯಾದಲ್ಲಿ, ಸೈನ್ಯದ ಕಡ್ಡಾಯ ಸೇವೆಯಲ್ಲಿ. ಅವನ ಹೆಸರಿನ ಕೇಕು ಕತ್ತರಿಸುವುದು ಮಲ್ಲೇಶ್ವರದ ಕೆಫೆಯೊಂದರ ಮಹಡಿಯಲ್ಲಿ. ಕತ್ತರಿಸುವವಳು ನನ್ನ ಮಗಳು ಸಾನ್ವಿ. ಆ ಕೇಕನ್ನು ತೊಡೆಯ ಮೇಲಿಟ್ಟುಕೊಂಡು ಚಾಮರಾಜಪೇಟೆಯಿಂದ ಆಟೋದಲ್ಲಿ ಬಂದವಳು ನಾನು. ತಲೆಕೆಟ್ಟಿದೆ ಅನ್ನದೆ ಇನ್ನೇನನ್ನಬೇಕು?

“ಬರದೇ ಇರೋನಿಗೆ ಕೇಕ್ ಯಾಕೆ?” ಎಂದೆ.

“ಬರಲ್ಲ ಅಂತಾನೇ ಅಮ್ಮ ಇಷ್ಟೆಲ್ಲ ಮಾಡೋದು.”

ನಮ್ಮ ಕಾಲದ ಅಭಿಮಾನ ಹೀಗಿರಲಿಲ್ಲ. ನಾನು, ನನ್ನ ಗಂಡ ಪ್ರಸನ್ನ ಇಬ್ಬರೂ ಇಂಗ್ಲಿಷ್ ರಾಕ್ ಹುಚ್ಚಿನವರು. ಯಾವ ಗಿಟಾರಿನವನ ಹುಟ್ಟಿದ ದಿನವೂ ನಮಗೆ ಗೊತ್ತಿರಲಿಲ್ಲ. ಮಾಸಿದ ಕಪ್ಪು ಟೀ ಶರ್ಟು, ಸವೆದ ಕ್ಯಾಸೆಟ್ಟು ಇದ್ದರೆ ಸಾಕಿತ್ತು. ನಮ್ಮ ಮೆಚ್ಚಿನ ತಂಡ ಅರಮನೆ ಮೈದಾನಕ್ಕೆ ಬಂದ ಸಂಜೆ ಹಾಡುಗಾರನ ದನಿಯೇ ಕೇಳಿಸದ ಹಾಗೆ ನಾವೇ ಅರಚಿಕೊಂಡು ಹಾಡಿದ್ದೆವು. ಆಮೇಲೆ ಅವತ್ತಿನ ಒಂದು ಹಾಡನ್ನು ಪ್ರಸನ್ನ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬ ಬಡಿಯುತ್ತ ದಿನಾ ಹಾಡುತ್ತಿದ್ದ. ಶ್ರುತಿಗೂ ಅವನಿಗೂ ಎಣ್ಣೆ ಸೀಗೇಕಾಯಿ.

ಅವನು ತೀರಿಕೊಂಡ ಮೇಲೆ ಆ ಹಾಡು ನಮ್ಮ ಮನೆಯಲ್ಲಿ ಕೇಳಿಲ್ಲ. “ಅಪ್ಪನ ಹಾಡು ಹಾಕಮ್ಮ” ಎಂದು ಸಾನ್ವಿ ಕೇಳಿದಾಗಲೆಲ್ಲ ಗದರಿದ್ದೇನೆ. ಅವನ ದನಿ ಇಲ್ಲದ ಹಾಡು ನನಗೆ ಬೇಡ.

ಕೆಫೆಯ ಗೋಡೆ ತುಂಬ ಮಿನ್‌ಜೇ. ಕಾಫಿ ಲೋಟದ ಸುತ್ತಲೂ ಅವನದೇ ಮುಖ. ಮತ್ತಿಕೆರೆ ಪೀಜಿಗಳಿಂದ, ಶೇಷಾದ್ರಿಪುರಂ ಕಾಲೇಜಿನಿಂದ ಬಂದ ಹುಡುಗಿಯರು ಒಂದು ಕುರ್ಚಿಯನ್ನು ಅವನಿಗೆಂದೇ ಖಾಲಿ ಬಿಟ್ಟು, ಅದರ ಮೇಲೆ ಮಿನುಗುವ ಪುಟ್ಟ ದೀಪ ಇಟ್ಟಿದ್ದರು. ಅವನ ತಂಡದ ಹಾಡು ಶುರುವಾಯಿತು. ಮನೆಯಲ್ಲಿ ಕೇಳಿ ಕೇಳಿ ನನಗೂ ಬಾಯಿಗೆ ಬಂದಿತ್ತು. ಹಳೇ ಚಾಳಿ, ಜೋರಾಗಿ ಹಾಡಿಬಿಟ್ಟೆ.

ಎಲ್ಲರೂ ತಿರುಗಿ ನೋಡಿದರು. ಸಾನ್ವಿ ನನ್ನ ಮೊಣಕೈ ಚಿವುಟಿದಳು.

“ಅಮ್ಮಾ, ಅವ್ರು ಹಾಡೋವಾಗ ನಾವು ಸುಮ್ನಿರ್ತೀವಿ. ಮಧ್ಯ ಗ್ಯಾಪ್ ಬರತ್ತಲ್ಲ, ಅಲ್ಲಿ ಹೆಸರು ಕೂಗೋದು.”

ಆ ಬಿಡುವು ಬಂತು. ಹುಡುಗಿಯರೆಲ್ಲ ಒಂದೇ ದನಿಯಲ್ಲಿ ತಂಡದವರ ಹೆಸರುಗಳನ್ನು ಸಾಲಾಗಿ ಕೂಗಿದರು. ಕೊನೆಗೆ ಖಾಲಿ ಕುರ್ಚಿಯ ಕಡೆ ತಿರುಗಿ, ಎಲ್ಲಕ್ಕಿಂತ ಜೋರಾಗಿ, “ಮಿನ್‌ಜೇ!” ಎಂದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಹೊಟ್ಟೆಕಿಚ್ಚಾಯಿತು. ಇವರ ಹುಡುಗ ಮುಂದಿನ ವರ್ಷ ವಾಪಸ್ ಬರುತ್ತಾನೆ.

ಸಂಜೆ ಮನೆಗೆ ಬಂದು ಕಾಫಿಗೆ ಹಾಲಿಟ್ಟೆ. ಸಾನ್ವಿ ಉಳಿದ ಕೇಕನ್ನು ಫ್ರಿಜ್ಜಿಗೆ ಸೇರಿಸುತ್ತಿದ್ದಳು. ಯಾರೂ ಕೇಳದೆ, ನಾನೇ ಮೊಬೈಲಿನಲ್ಲಿ ಪ್ರಸನ್ನನ ಹಾಡು ಹಾಕಿದೆ.

ಅವಳು ಫ್ರಿಜ್ಜಿನ ಬಾಗಿಲು ಹಿಡಿದುಕೊಂಡೇ ನಿಂತಳು. ಮೊದಲ ಸಾಲು ಬಂತು. ಹಾಡಲು ಹೋಗಿ ಅರ್ಧಕ್ಕೇ ಬಿಟ್ಟೆ. ಅವನಿಲ್ಲದೆ ಆ ಸಾಲು ಬರಿದೋ ಬರಿದು. ನಿಲ್ಲಿಸಿಬಿಡೋಣ ಎಂದು ಕೈ ಚಾಚಿದೆ. ಅಷ್ಟರಲ್ಲಿ ಹಾಡುಗಾರ ಸುಮ್ಮನಾದ, ಬರೀ ಡ್ರಮ್ಮು ಉಳಿಯಿತು. ಪ್ರಸನ್ನ ಡಬ್ಬ ಬಡಿಯುತ್ತಿದ್ದ ಜಾಗ ಅದು.

“ಪ್ರಸನ್ನ!” ಎಂದು ಸಾನ್ವಿ ಕೂಗಿದಳು.

ಅಪ್ಪನನ್ನು ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕಣ್ಣು ತುಂಬಿ ಅವಳ ಮುಖ ನನಗೆ ಸರಿಯಾಗಿ ಕಾಣಲಿಲ್ಲ. ಹಾಲು ಉಕ್ಕಿತು, ಇಬ್ಬರೂ ಅತ್ತ ನೋಡಲಿಲ್ಲ. ಮುಂದಿನ ಬಿಡುವಿಗೆ ಇನ್ನೆರಡು ಸಾಲಿತ್ತು. ಉಸಿರು ತುಂಬಿಕೊಂಡು ಕಾದೆ.